ಬಣ್ಣದ ಬಟ್ಟಲೂ ಒಂದು ಅಮಾನತ್
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.

ಸಹೋದರರೇ, ಅಲ್ಲಾಹನನ್ನು ಭಯಪಡೋಣ. ಮಸೀದಿಯ ಸಫ್‌ನಲ್ಲಿ ನಮ್ಮನ್ನು ನೋಡುವ ಅಲ್ಲಾಹನೇ ನಮ್ಮ ಅಂಗಡಿಯಲ್ಲೂ ನಮ್ಮನ್ನು ನೋಡುತ್ತಿದ್ದಾನೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸಲೂನ್‌ಗಳಲ್ಲಿ ನಮ್ಮ ಮನೆಗಳ ಹುಡುಗರು ಕೆಲಸ ಕಲಿಯುತ್ತಿದ್ದಾರೆ. ಪಾರ್ಲರ್‌ಗಳಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಕತ್ತರಿ ಹಿಡಿಯುವುದನ್ನು ಉಸ್ತಾದರು ತಿಂಗಳುಗಟ್ಟಲೆ ಕಲಿಸುತ್ತಾರೆ. ಆದರೆ ಎಷ್ಟೋ ಕಡೆ ಬಣ್ಣ ಕಲಸುವ ಕೆಲಸವನ್ನು ಏನೂ ಹೇಳಿಕೊಡದೆ ಹುಡುಗನಿಗೆ ಒಪ್ಪಿಸಲಾಗುತ್ತದೆ. ಇಂದು ನಾವು ಈ ಬಟ್ಟಲಿನ ಬಗ್ಗೆ ಮಾತನಾಡೋಣ.

ಕೂದಲಿಗೆ ಬಣ್ಣ ಹಚ್ಚುವುದು ನಮ್ಮ ದೀನ್‌ಗೆ ಹೊಸದಲ್ಲ. ಮಕ್ಕಾ ವಿಜಯದ ದಿನ ಹಝ್ರತ್ ಅಬೂಬಕರ್(ರ)ರ ತಂದೆ ಅಬೂ ಕುಹಾಫರನ್ನು ಕರೆತಂದಾಗ ಅವರ ತಲೆ, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಅದನ್ನು ಬದಲಾಯಿಸಿರಿ, ಕಪ್ಪನ್ನು ಮಾತ್ರ ಬಿಡಿರಿ ಎಂದು ಪ್ರವಾದಿ(ಸ) ತಿಳಿಸಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಮೆಹಂದಿಯನ್ನು ಅವರು ಮೆಚ್ಚಿದ್ದರು. ವೈದ್ಯವಿದ್ಯೆ ಅರಿಯದೆ ಚಿಕಿತ್ಸೆಗೆ ಕೈಹಾಕಿದವನೇ ಅದರ ಹಾನಿಗೆ ಹೊಣೆ ಎಂದೂ ಅವರು ಕಲಿಸಿದರು. ಇನ್ನೊಬ್ಬರ ಚರ್ಮದ ಮೇಲೆ ರಸಾಯನ ಹಚ್ಚುವವನಿಗೂ ಇದರಲ್ಲಿ ಪಾಠವಿದೆ.

ಬಟ್ಟಲಲ್ಲಿ ಏನಾಗುತ್ತದೆ? ಅಮೋನಿಯಾ ಕೂದಲಿನ ಹೊರಪದರವನ್ನು ಸಡಿಲಿಸುತ್ತದೆ. ಡೆವಲಪರ್‌ನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಕೂದಲಿನ ಸ್ವಂತ ಬಣ್ಣವನ್ನು ತಿಳಿಗೊಳಿಸಿ, ಹೊಸ ಬಣ್ಣವನ್ನು ಒಳಗೇ ಕಟ್ಟುತ್ತದೆ. ಡಬ್ಬಿಯ ಮೇಲೆ 20 ವಾಲ್ಯೂಮ್ ಎಂದಿದ್ದರೆ ಅದು ಶೇ. 6ರ ಪೆರಾಕ್ಸೈಡ್, 40 ಎಂದರೆ ಶೇ. 12. ಬೇಗ ಮುಗಿಯಲಿ ಎಂದು 40 ವಾಲ್ಯೂಮ್ ಅನ್ನು ನೆತ್ತಿಗೆ ತಾಗಿಸಿದರೆ ಚರ್ಮ ಸುಡುತ್ತದೆ. ಕಣ್ಣಳತೆ ಬೇಡ, ಅಳೆದು ಬೆರೆಸಿರಿ. ಲೋಹದ ಬಟ್ಟಲು ಬೇಡ. ಉಳಿದ ಮಿಶ್ರಣವನ್ನು ಮುಚ್ಚಳ ಬಿಗಿದು ಇಡಬೇಡಿರಿ, ಅನಿಲ ತುಂಬಿ ಸಿಡಿಯಬಹುದು.

ಕಪ್ಪು ಬಣ್ಣ ಕೊಡುವ ಬಹುಪಾಲು ಹೇರ್‌ಡೈಗಳಲ್ಲಿ ಪಿಪಿಡಿ ಎಂಬ ರಾಸಾಯನಿಕವಿದೆ. ಬೇಗ ಕಪ್ಪೇರುವ 'ಕಪ್ಪು ಮೆಹಂದಿ'ಯಲ್ಲೂ ಹಲವು ಬಾರಿ ಇದೇ ಇರುತ್ತದೆ. ಅಪ್ಪಟ ಮೆಹಂದಿ ಎಲೆ ಕೆಂಗಂದು ಬಣ್ಣವನ್ನಷ್ಟೇ ಕೊಡುತ್ತದೆ. ಪಿಪಿಡಿ ಕೆಲವರಿಗೆ ಅಲರ್ಜಿ ತರುತ್ತದೆ. ಹತ್ತು ವರ್ಷ ಏನೂ ಆಗದವರಿಗೂ ಹನ್ನೊಂದನೇ ವರ್ಷ ಕಣ್ಣುರೆಪ್ಪೆ, ಮುಖ ಊದಿಕೊಳ್ಳಬಹುದು. ಆದ್ದರಿಂದಲೇ ಮೊದಲು ಪರೀಕ್ಷಿಸಿ ನೋಡಬೇಕು, ಹುಬ್ಬು ಮತ್ತು ರೆಪ್ಪೆಗೂದಲಿಗೆ ಹಚ್ಚಿದರೆ ದೃಷ್ಟಿ ಹೋಗಬಹುದು ಎಂಬ ಎಚ್ಚರಿಕೆಯನ್ನು ಇಂಥ ಡೈಗಳ ಮೇಲೆ ಮುದ್ರಿಸುವುದನ್ನು ನಮ್ಮ ದೇಶದ ಕಾನೂನು ಕಡ್ಡಾಯಗೊಳಿಸಿದೆ. ಅದನ್ನು ಓದದೆ ಪೊಟ್ಟಣ ಹರಿಯುವುದು ಅಮಾನತ್‌ನಲ್ಲಿ ಮಾಡುವ ಲೋಪ.

ಪರೀಕ್ಷೆ ಸುಲಭ. ಪೊಟ್ಟಣದ ಸೂಚನೆಯಂತೆ ಕಿವಿಯ ಹಿಂದೆ ಅಥವಾ ಮೊಣಕೈಯ ಒಳಮಡಿಕೆಗೆ ಸ್ವಲ್ಪ ಹಚ್ಚಿ 48 ಗಂಟೆ ಕಾಯಬೇಕು. ಚಾಂದ್ ರಾತ್‌ನಂದು ಅಂಗಡಿಯಲ್ಲಿ ಜನ ತುಂಬಿರುವಾಗ 48 ಗಂಟೆ ಎಲ್ಲಿಂದ ಬರಬೇಕು ಎಂದು ಕೇಳಬಹುದು. ಹಬ್ಬಕ್ಕೆ, ನಿಕಾಹ್‌ಗೆ ಮೂರು ದಿನ ಮೊದಲೇ ಬನ್ನಿ ಎಂದು ಗಿರಾಕಿಗೆ ಹೇಳಿಡಿರಿ. ಪರೀಕ್ಷೆ ಮಾಡದ ಹೊಸಬರಿಗೆ ಅಂದು ಕತ್ತರಿ ಕೆಲಸ ಸಾಕು. ರಿಝ್ಕ್ ಕೊಡುವವನು ಅಲ್ಲಾಹನು. ಬಿಟ್ಟ ಒಂದು ಗಿರಾಕಿಯಿಂದ ಅದು ಕಡಿಮೆಯಾಗದು. ಹಚ್ಚಿದ ಮೇಲೆ ಉರಿ, ಊತ ಕಂಡರೆ ಕೂಡಲೇ ತೊಳೆಯಿರಿ. ಉಸಿರು ಕಟ್ಟಿದರೆ ತಡಮಾಡದೆ ತಾಲೂಕು ಆಸ್ಪತ್ರೆಗೋ ಹಾಸನದ ಹಿಮ್ಸ್‌ಗೋ ಕರೆದೊಯ್ಯಿರಿ. ಬಳಸಿದ ಪೊಟ್ಟಣವೂ ಜೊತೆಗಿರಲಿ.

ಕೂದಲು ನೇರ ಮಾಡುವಾಗ ಇನ್ನೂ ಎಚ್ಚರ ಬೇಕು. ಕೆಲವು 'ಕೆರಾಟಿನ್' ದ್ರಾವಣಗಳಿಂದ ಬಿಸಿ ಇಸ್ತ್ರಿ ತಾಗಿದಾಗ ಫಾರ್ಮಾಲ್ಡಿಹೈಡ್ ಅನಿಲ ಹೊಮ್ಮುತ್ತದೆ. ಇದು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಅದರ ಬದಲಿಗೆ ಬಂದ ಗ್ಲೈಆಕ್ಸಿಲಿಕ್ ಆಮ್ಲದ ಕ್ರೀಮ್ ಬಳಸಿದ ಮಹಿಳೆಯೊಬ್ಬರಿಗೆ ಮೂರು ಬಾರಿಯೂ ಮೂತ್ರಪಿಂಡಕ್ಕೆ ಪೆಟ್ಟಾಯಿತೆಂದು ಫ್ರಾನ್ಸ್‌ನ ವೈದ್ಯರು 2024ರಲ್ಲಿ ವರದಿ ಮಾಡಿದರು. ಗಿರಾಕಿ ಒಮ್ಮೆ ಎದ್ದು ಹೋಗುತ್ತಾನೆ, ಆದರೆ ಕಲಿಯುವ ಹುಡುಗ ಆ ಗಾಳಿಯನ್ನೇ ದಿನವಿಡೀ ಉಸಿರಾಡುತ್ತಾನೆ. ಕಿಟಕಿ ತೆರೆಯಿರಿ, ಫ್ಯಾನ್ ಹಾಕಿರಿ. ಹೆಸರು, ಪದಾರ್ಥಗಳ ಪಟ್ಟಿ ಇಲ್ಲದ ಡಬ್ಬಿಯನ್ನು ಅಂಗಡಿಗೆ ತರಬೇಡಿರಿ.

ಉಸ್ತಾದರೇ, ನಿಮ್ಮಲ್ಲಿರುವ ಹುಡುಗನ ಕೈಗಳೂ ನಿಮಗೆ ಒಪ್ಪಿಸಿದ ಅಮಾನತ್. ಬರಿಗೈಯಲ್ಲಿ ಬಣ್ಣ ತೊಳೆಸಿದರೆ ಚರ್ಮ ಬಿರಿಯುತ್ತದೆ. ಒಮ್ಮೆ ಅಲರ್ಜಿ ಹಿಡಿದರೆ ಅವನು ಕಲಿತ ಕಸುಬನ್ನೇ ಬಿಡಬೇಕಾದೀತು. ಒಂದು ಜೊತೆ ಗ್ಲೌಸ್‌ಗೆ ಲೆಕ್ಕ ಹಾಕಬೇಡಿರಿ. ತಂದೆ ತಾಯಂದಿರೇ, ಮಗ ಇವತ್ತು ಎಷ್ಟು ತಂದ ಎಂದು ಕೇಳುವಾಗ, ಇವತ್ತು ಏನು ಕಲಿತೆ ಎಂದೂ ಕೇಳಿರಿ, ಅವನ ಕೈ ನೋಡಿರಿ.

ಯುವಕರೇ, ನಿಮ್ಮ ಕಸುಬು ಗೌರವದ್ದು. ಕೂದಲಿರುವವನು ಅದನ್ನು ಗೌರವಿಸಲಿ ಎಂಬುದು ಪ್ರವಾದಿ(ಸ)ರ ಬೋಧನೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿರಿ, ಕಲಿತು ಮಾಡಿರಿ.

ಅಲ್ಲಾಹನೇ, ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನೂ ಹಲಾಲ್ ಗಳಿಕೆಯನ್ನೂ ಕರುಣಿಸು. ನಮ್ಮ ಕೈಗಳಿಂದ ಯಾರಿಗೂ ಹಾನಿಯಾಗದಂತೆ ಕಾಪಾಡು. ಆಮೀನ್.