ಬಂದಳಿಕೆ ಮತ್ತು ಬಸಿರು

ಹೊನ್ನಾಳಿಯ ನಮ್ಮ ಹಿತ್ತಿಲ ಮಾವಿಗೆ ಬಂದಳಿಕೆ ಹತ್ತಿದಾಗಲೆಲ್ಲ ಅಜ್ಜಿ ಕುಡುಗೋಲು ಕಟ್ಟಿದ ಗಳು ಹುಡುಕುತ್ತಿದ್ದರು. ಮರದ ರಸ ಹೀರುವ ಆ ಪರಾಶ್ರಿತೆಯನ್ನೇ ಚೀನಾದ ಪ್ರಾಚೀನ ವೈದ್ಯರು ಬಸಿರು ಉಳಿಸುವ ಮದ್ದೆಂದು ಬಗೆದರೆಂದು ಓದಿದಾಗ ನನಗೆ ಅಚ್ಚರಿಯಾಯಿತು. ಅವರು ಆರಿಸಿದ್ದು ಹಿಪ್ಪುನೇರಳೆಯ ಬಂದಳಿಕೆ, ‘ಸಾಂಗ್ ಜೀಷೆಂಗ್’. ನೆಲ ಮುಟ್ಟದೆ, ಕೊಂಬೆಯನ್ನು ಬಿಗಿಹಿಡಿದು ಬದುಕುವ ಗಿಡ. ತಾಯೊಡಲಿನ ಶಿಶುವಿನ ಪಾಡೂ ಅದೇ ಅಲ್ಲವೇ? ಮೇಲಿಂದ ಮೇಲೆ ಇಳಿದುಹೋಗುವುದನ್ನು ಅವರು ‘ಜಾರುವ ಗರ್ಭ’ ಎಂದರು. ಮೂತ್ರಪಿಂಡದ ಸತ್ತ್ವ ಕುಂದಿದೆ, ರಕ್ತ ಬಡವಾಗಿದೆ ಎಂದು ಕಾರಣ ಕೊಟ್ಟರು.

ನಮ್ಮ ಸುಶ್ರುತನು ನಾಲ್ಕನೆಯ ತಿಂಗಳವರೆಗಿನದನ್ನು ಗರ್ಭಸ್ರಾವವೆಂದೂ ಐದು, ಆರನೆಯ ತಿಂಗಳದನ್ನು ಗರ್ಭಪಾತವೆಂದೂ ವಿಂಗಡಿಸಿದನು. ಚರಕನಿಗೆ ಗರ್ಭಿಣಿಯು ಎಣ್ಣೆ ತುಂಬಿದ ಪಾತ್ರೆಯಂತೆ. ಪಾತ್ರೆ ತುಳುಕದಂತೆ ನೋಡಿಕೊಳ್ಳಬೇಕಾದವರು ಸುತ್ತಲಿನವರು. ಇದನ್ನು ಮಾತ್ರ ನಮ್ಮ ಮನೆಗಳು ಮರೆತವು.

ನನ್ನ ಚಿಕ್ಕಮ್ಮನಿಗೆ ಎರಡು ಸಲ ಹೀಗಾಯಿತು. ಮುಸ್ಸಂಜೆಯಲ್ಲಿ ಹೊಳೆಗೆ ಹೋದಳು, ತುಂಬಿದ ಕೊಡ ಎತ್ತಿದಳು ಎಂದು ಲೆಕ್ಕ ಹಾಕಿದವರಲ್ಲಿ ಅಜ್ಜಿಯೇ ಮೊದಲಿಗರು. ಇಂದು ತಿಳಿದಿರುವುದು ಬೇರೆ. ಮೊದಲ 3 ತಿಂಗಳಲ್ಲಿ ನಿಲ್ಲದ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ತಪ್ಪು ಕೊಡದ್ದಲ್ಲ, ಸಂಜೆಯದ್ದೂ ಅಲ್ಲ. ಅಂಥದ್ದನ್ನು ಯಾವ ಬಂದಳಿಕೆಯೂ ತಡೆಯಲಾರದು. ಮೂಲಿಕೆಯೆಂದ ಮಾತ್ರಕ್ಕೆ ಬಸಿರಿಗೆ ನಿರಪಾಯವೂ ಅಲ್ಲ. ರಕ್ತ ಕಂಡರೆ ಕಷಾಯ ಕುದಿಯುವವರೆಗೆ ಕಾಯದೆ ವೈದ್ಯರ ಬಳಿಗೆ ಹೋಗಬೇಕು.

ಚಿಕ್ಕಮ್ಮನಿಗೆ ಇದನ್ನು ಹೇಳುವಾಗ ಅವರಿಗೆ ಎಪ್ಪತ್ತು ದಾಟಿತ್ತು. ಬಹಳ ಹೊತ್ತು ಸುಮ್ಮನಿದ್ದು, “ಆಗ ನಿನ್ನ ಅಜ್ಜಿಗೆ ಯಾರಾದರೂ ಹೇಳಿದ್ದರೆ...” ಎಂದರು.