ಹಳೆಯ ಪಿಕಪ್ ಗಾಡಿಗಳ ತಂಪು ಯಂತ್ರ

(ವರಾಛಾದ ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಕಸೂತಿ ಕಾರಖಾನೆಗಳಿಂದ ಬಟ್ಟೆಯ ಗಂಟುಗಳನ್ನು ಹೇರಿಕೊಂಡು ರಿಂಗ್ ರೋಡಿನ ಮಾರ್ಕೆಟ್ಟಿಗೂ ಪಾಂಡೇಸರಾದ ಬಣ್ಣದ ಮಿಲ್ಲುಗಳಿಗೂ ಓಡುವ ಪಿಕಪ್ ಗಾಡಿಗಳನ್ನು ನಾವು ದಿನಾಲು ನೋಡುತ್ತೇವೆ. ಅವುಗಳನ್ನು ನಡೆಸುವವರು ಈ ಸಭೆಯಲ್ಲಿಯೂ ಇದ್ದಾರೆ. ನಾವು ಮಿಲ್ಲಿನ ಕಾರಕೂನರೇ ಹೊರತು ಮಿಸ್ತ್ರಿಗಳಲ್ಲ. ಆದರೆ ಗಾಡಿಗಳ ರಿಪೇರಿ ಬಿಲ್ಲುಗಳು ನಮ್ಮ ಮೇಜಿನ ಮೇಲೆ ಬರುತ್ತವೆ. ಒಂದೇ ಗಾಡಿಗೆ ಪ್ರತಿ ಬೇಸಿಗೆಯಲ್ಲಿಯೂ “ಗ್ಯಾಸ್ ಭರ್ತಿ” ಎಂಬ ಬಿಲ್ಲು ಬರುವದನ್ನು ಕಂಡು, ಈ ಗ್ಯಾಸು ಹೋಗುವದೆಲ್ಲಿಗೆ ಎಂದು ವಿಚಾರಿಸತೊಡಗಿದೆವು.

ಇದು ಚೈನಿಯ ಮಾತೆಂದು ಯಾರೂ ನಗಬಾರದು. ಮೇ ತಿಂಗಳ ಬಿಸಿಲು, ಸೂರತ್ತಿನ ಸೆಕೆ, ಕಾಲ ಬಳಿ ಎಂಜಿನ್ನಿನ ಕಾವು, ಇವುಗಳ ನಡುವೆ ಹತ್ತು ತಾಸು ಕುಳಿತವನಿಗೆ ತಂಪು ಗಾಳಿ ಆರೋಗ್ಯದ ಮಾತು. ೨೦೨೫ರ ಅಕ್ಟೋಬರ್ ೧ರಿಂದ ತಯಾರಾಗುವ ಮೂರೂವರೆ ಟನ್ನಿಗೂ ಹೆಚ್ಚಿನ ಒಟ್ಟು ತೂಕದ ಸರಕು ಗಾಡಿಗಳಿಗೆ ತಂಪು ಕ್ಯಾಬಿನ್ನು ಇರಲೇಬೇಕೆಂದು ಸರಕಾರ ನಿಯಮ ಮಾಡಿದೆ. ಚಿಕ್ಕ ಪಿಕಪ್ಪುಗಳು ಆ ತೂಕದ ಕೆಳಗಿನವು. ಹಳೆಯವಂತೂ ನಿಯಮದ ಹೊರಗೇ ಉಳಿದವು.

ಮಣ್ಣಿನ ಗಡಿಗೆಯ ನೀರು ತಣ್ಣಗಾಗುವದೇಕೆ? ಒಸರಿದ ನೀರು ಆವಿಯಾಗುವಾಗ ಉಳಿದ ನೀರಿನ ಕಾವನ್ನು ಎಳೆದುಕೊಂಡು ಹೋಗುತ್ತದೆ. ಏಸಿಯ ಗುಟ್ಟೂ ಇದೇ. ಆದರೆ ಗಡಿಗೆಯ ಆವಿ ಊರ ಗಾಳಿಗೆ ಸೇರಿದರೆ, ಇಲ್ಲಿ ಕಂಪ್ರೆಸರು ಆ ಆವಿಯನ್ನು ಹಿಡಿದು ಒತ್ತುತ್ತದೆ, ಮುಂದಿನ ಕಂಡೆನ್ಸರಿನಲ್ಲಿ ಅದು ಮತ್ತೆ ದ್ರವವಾಗಿ ತಿರುಗಿ ಬರುತ್ತದೆ. ಅಂದ ಮೇಲೆ ಗ್ಯಾಸು ಡೀಸೆಲ್ಲಿನಂತೆ ಸುಟ್ಟು ತೀರುವ ವಸ್ತುವಲ್ಲ. ಕಂಪ್ರೆಸರಿನ ಸೀಲಿನಿಂದ ವರ್ಷಗಳ ಮೇಲೆ ತುಸು ಕಡಿಮೆಯಾಗುವದು ಸಹಜ; ವರ್ಷಕ್ಕೊಮ್ಮೆ ಬರಿದಾಗುವದು ಸಹಜವಲ್ಲ. “ಗ್ಯಾಸ್ ಖತಮ್” ಎಂದು ಮಿಸ್ತ್ರಿ ಅಂದರೆ “ಸೋರಿದ್ದೆಲ್ಲಿ, ತೋರಿಸಪ್ಪಾ” ಎಂದು ಕೇಳಬೇಕು. ಸೋರಿದ ಜಾಗದಲ್ಲಿ ಎಣ್ಣೆಯ ಜಿಡ್ಡಿಗೆ ಧೂಳು ಹತ್ತಿರುವದುಂಟು. ಸಾಬೂನಿನ ನೀರು ಹಚ್ಚಿದರೆ ಗುಳ್ಳೆ ಏಳುವದುಂಟು. ಒಣ ನೈಟ್ರೋಜನ್ ತುಂಬಿ ಪರೀಕ್ಷಿಸುವದು ಸರಿ. ಬೆಸುಗೆಯ ಆಕ್ಸಿಜನ್ ತುಂಬಗೊಡಬೇಡಿರಿ, ಎಣ್ಣೆಯೊಡನೆ ಸೇರಿ ಸಿಡಿದೀತು. ಎಷ್ಟೋ ಸಲ ಗ್ಯಾಸು ಸರಿಯಾಗಿಯೇ ಇದ್ದು, ಬೆಲ್ಟು ಸಡಿಲಾಗಿರುತ್ತದೆ, ಇಲ್ಲವೆ ನಮ್ಮೂರಿನ ನೂಲಿನ ಧೂಳು ಕಂಡೆನ್ಸರಿಗೆ ಕಂಬಳಿ ಹೊದಿಸಿರುತ್ತದೆ. ಅದಕ್ಕೆ ಬೇಕಾದದ್ದು ಬ್ರಶ್ಶು, ನೀರು.

ಇನ್ನು ಪರಿವರ್ತನೆಯ ಮಾತು. ಬಹಳ ಹಳೆಯ ಏಸಿಗಳಲ್ಲಿ ಇದ್ದದ್ದು ಆರ್-೧೨ ಎಂಬ ಗ್ಯಾಸು. ಅದು ಮೇಲಿನ ಓಜೋನ್ ಪದರವನ್ನು ತಿನ್ನುವದೆಂದು ತಿಳಿದು ೧೯೮೭ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ೧೯೯೨ರಲ್ಲಿ ಭಾರತವೂ ಸೇರಿತು. ೨೦೦೮ರ ಆಗಸ್ಟ್ ೧ರಿಂದ ನಮ್ಮಲ್ಲಿ ಅದರ ಉತ್ಪಾದನೆ ನಿಂತಿತು. ಅದರ ಬದಲು ಬಂದದ್ದು ಆರ್-೧೩೪ಎ. ಹಳೆಯ ಏಸಿಗೆ ಹೊಸ ಗ್ಯಾಸನ್ನು ಹಾಗೆಯೇ ಸುರಿದರೆ ನಾಲ್ಕು ದಿನ ತಂಪಾಗಿ, ಆಮೇಲೆ ಕಂಪ್ರೆಸರು ಹಿಡಿದುಕೊಳ್ಳುತ್ತದೆ. ಕಾರಣ ಎಣ್ಣೆ. ಹಳೆಯ ಖನಿಜ ಎಣ್ಣೆ ಹೊಸ ಗ್ಯಾಸಿನಲ್ಲಿ ಬೆರೆಯುವದಿಲ್ಲ. ಕೊಳವೆಗಳಲ್ಲಿಯೇ ಕುಳಿತು ಕಂಪ್ರೆಸರಿಗೆ ತಿರುಗಿ ಬರುವದಿಲ್ಲ. ಆದುದರಿಂದ ಹಳೆಯ ಗ್ಯಾಸನ್ನು ಯಂತ್ರದಿಂದ ಹಿಡಿದು ತೆಗೆದು, ಎಣ್ಣೆ ತೊಳೆದು, ಎಸ್ಟರ್ ಎಣ್ಣೆ ಹಾಕಬೇಕು. ಡ್ರೈಯರನ್ನೂ ರಬ್ಬರ್ ಉಂಗುರಗಳನ್ನೂ ಹೊಸ ಗ್ಯಾಸಿಗೆ ಒಗ್ಗುವಂಥವುಗಳಿಗೆ ಬದಲಿಸಬೇಕು. ಬಳಿಕ ಅರ್ಧ ತಾಸಾದರೂ ವ್ಯಾಕ್ಯೂಮ್ ಪಂಪು ನಡೆಯಬೇಕು. ಒತ್ತಡ ಇಳಿದಾಗ ಒಳಗಿನ ತೇವ ಕಾಯಿಸದೆಯೇ ಕುದಿದು ಹೊರಬೀಳುತ್ತದೆ. ಚಹಾ ಕುಡಿದು ಬರುವಷ್ಟರಲ್ಲಿ “ಆಯಿತು, ಸೇಠ” ಎನ್ನುವವನನ್ನು ನಂಬಬೇಡಿರಿ. ತುಂಬುವಾಗ ಹಳೆಯ ಅಳತೆಯ ನೂರಕ್ಕೆ ೮೦ರಿಂದ ೯೦ ಸಾಕು: ಕಿಲೊ ಹಿಡಿಯುತ್ತಿದ್ದಲ್ಲಿ ೮೦೦-೯೦೦ ಗ್ರಾಂ. ಹೆಚ್ಚು ತುಂಬಿದರೆ ಒತ್ತಡ ಏರಿ ತಂಪು ಕಡಿಮೆಯೇ ಆಗುತ್ತದೆ.

ಅಗ್ಗವೆಂದು ಅಡುಗೆಯ ಗ್ಯಾಸು ತುಂಬಿಸುವದೂ ಉಂಟು. ಅದು ತಂಪು ಕೊಡುವದು ಸುಳ್ಳಲ್ಲ. ಆದರೆ ತಂಪಾಗುವ ಸುರುಳಿ ಇರುವದು ಡ್ಯಾಶಿನ ಒಳಗೆ, ಚಾಲಕನ ಮೊಣಕಾಲಿನ ಮುಂದೆ. ಕಿಟಕಿ ಮುಚ್ಚಿದ ಕ್ಯಾಬಿನ್ನಿನಲ್ಲಿ ಅದು ಸೋರಿದಾಗ ಒಂದು ಬೀಡಿ ಹೊತ್ತಿಸಿದರೆ ಏನಾದೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿಯುವ ಹಣ ಮಾಲಕನದು, ಕುಳಿತ ಜೀವ ನಮ್ಮವನದು.

ಆರ್-೧೩೪ಎ ಓಜೋನನ್ನು ತಿನ್ನದಿದ್ದರೂ, ಒಂದು ಕಿಲೊ ಗಾಳಿಗೆ ಬಿಟ್ಟರೆ ನೂರು ವರ್ಷದ ಲೆಕ್ಕದಲ್ಲಿ ಸುಮಾರು ೧೪೦೦ ಕಿಲೊ ಇಂಗಾಲಾಮ್ಲ ವಾಯುವಿನಷ್ಟು ಭೂಮಿಯನ್ನು ಕಾಯಿಸುತ್ತದೆ. ಅದಕ್ಕಾಗಿ ಅದನ್ನೂ ಬಯಲಿಗೆ ಊದಗೊಡಬಾರದು.

ಕೆಲಸ ಮುಗಿದ ಮೇಲೆ ಗ್ಯಾಸಿನ ಹೆಸರು, ಎಷ್ಟು ಗ್ರಾಂ, ಯಾವ ಎಣ್ಣೆ, ತಾರೀಖು ಇಷ್ಟನ್ನು ಒಂದು ಚೀಟಿಯಲ್ಲಿ ಬರೆಸಿ ಬಾನೆಟ್ಟಿನ ಒಳಗೆ ಅಂಟಿಸಿರಿ. ಗುಜರಾತಿಯಲ್ಲಿ ಬರೆಯಿಸಿಕೊಳ್ಳಲು ತೊಡಕಾದವರು ರವಿವಾರ ಬೆಳಿಗ್ಗೆ ಬಿಲ್ಲು ಸಮೇತ ವಾಚನಾಲಯಕ್ಕೆ ಬಂದರೆ ನಾವು ಬರೆದುಕೊಡುತ್ತೇವೆ.