ಇಂಗ್ಲಿಷ್ ನುಡಿಗಟ್ಟಿಗೆ ಬೆದರಬೇಡಿ, ಅರ್ಥ ಕೇಳಿ!

(ಕನ್ನಡ ಯುವಕ-ಯುವತಿಯರ ತಿಂಗಳ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಕನ್ನಡದ ವೇದಿಕೆಯಲ್ಲಿ ಇಂಗ್ಲಿಷ್ ಪಾಠವೇ ಎಂದು ಕೆಲವರು ಹುಬ್ಬೇರಿಸಬಹುದು. ಏರಿಸಲಿ. ನಾನು ಪಿಯುಸಿ ಓದಿದವನು, ಪಂಡಿತನಲ್ಲ. ಆದರೆ ಬೆಳಗಾದರೆ ಇಂಗ್ಲಿಷ್ ಸಾಲುಗಳನ್ನು ಅಚ್ಚು ಹಾಕುವುದೇ ನನ್ನ ಹೊಟ್ಟೆಪಾಡು. ಆ ಸಾಲುಗಳಲ್ಲಿ ನಮ್ಮ ಹುಡುಗರನ್ನು ಹೆದರಿಸುವುದು ವ್ಯಾಕರಣವಲ್ಲ. ವ್ಯಾಕರಣವನ್ನು ಹೈಸ್ಕೂಲಿನ ಮೇಷ್ಟರು ಹೊಡೆದಾದರೂ ತಲೆಗೆ ತುಂಬಿರುತ್ತಾರೆ. ಹೆದರಿಸುವುದು ನುಡಿಗಟ್ಟು. ಒಂದೊಂದು ಪದವೂ ಗೊತ್ತು, ಒಟ್ಟು ಅರ್ಥ ಮಾತ್ರ ಗೊತ್ತಿಲ್ಲ!

ಕನ್ನಡ ಮಾಧ್ಯಮದಲ್ಲಿ ಓದಿ, ಪದವಿ ಮುಗಿಸಿ, ಸಂದರ್ಶನಕ್ಕೆ ಹೋದ ಒಬ್ಬ ಹುಡುಗಿಯನ್ನು ನೆನೆಯಿರಿ. ಎದುರು ಕುಳಿತ ಅಧಿಕಾರಿ 'ಲೆಟ್ ಮಿ ಪ್ಲೇ ಡೆವಿಲ್ಸ್ ಅಡ್ವೊಕೇಟ್' ಎನ್ನುತ್ತಾರೆ. ಡೆವಿಲ್ ಎಂದರೆ ಪಿಶಾಚಿ, ಅಡ್ವೊಕೇಟ್ ಎಂದರೆ ವಕೀಲ. ಪಿಶಾಚಿಯ ವಕೀಲ! ಹುಡುಗಿ ತಬ್ಬಿಬ್ಬು. ಅಷ್ಟಕ್ಕೇ 'ಕಮ್ಯುನಿಕೇಷನ್ ಸಾಲದು' ಎಂಬ ಷರಾ ಬೀಳುತ್ತದೆ. ಇದರ ಹಿಂದಿನ ಕಥೆ ಇಷ್ಟೇ. ರೋಮಿನ ಕ್ಯಾಥೊಲಿಕ್ ಚರ್ಚಿನಲ್ಲಿ, ತೀರಿಕೊಂಡವರೊಬ್ಬರನ್ನು ಸಂತರೆಂದು ಸಾರುವ ಮೊದಲು ವಿಚಾರಣೆ ನಡೆಯುತ್ತದೆ. ಅಲ್ಲಿ ಬೇಕೆಂದೇ ಎದುರುವಾದ ಹೂಡಲು ಒಬ್ಬರನ್ನು ನೇಮಿಸುತ್ತಿದ್ದರು. 1587ರಲ್ಲಿ ಆ ಹುದ್ದೆಗೆ ಅಧಿಕೃತ ರೂಪ ಬಂತು; 1983ರಲ್ಲಿ ವಿಧಾನವೇ ಬದಲಾಗಿ ಅದರ ಹಳೆಯ ಗತ್ತು ಹೋಯಿತು. ಆ ಹುದ್ದೆಗೆ ಬಿದ್ದ ಅಡ್ಡಹೆಸರು ಪಿಶಾಚಿಯ ವಕೀಲ. ಅಂದರೆ ಅಧಿಕಾರಿ ಹೇಳಿದ್ದು, 'ನಿನ್ನ ಮಾತು ಗಟ್ಟಿಯೋ ಪೊಳ್ಳೋ ನೋಡಲು ಬೇಕೆಂದೇ ಅಡ್ಡ ಮಾತಾಡುತ್ತೇನಮ್ಮಾ' ಎಂದು. ಈ ಕೆಲಸವನ್ನು ಆ ಹುಡುಗಿ ಮನೆಯಲ್ಲಿ ಅಣ್ಣನ ಜೊತೆ ದಿನಾ ಕನ್ನಡದಲ್ಲೇ ಮಾಡುತ್ತಾಳೆ! ಅವಳಲ್ಲಿ ಇಲ್ಲದ್ದು ಬುದ್ಧಿಯಲ್ಲ, ರೋಮಿನ ಚರ್ಚಿನ ಒಂದು ಸುದ್ದಿ. ಅದಕ್ಕೆ ಕೀಳರಿಮೆ ಯಾಕೆ ಸ್ವಾಮಿ?

ನಮ್ಮ ನುಡಿಗಟ್ಟೇನು ಕಡಿಮೆ ಮೋಸಗಾರನೇ? 'ಸ್ನೇಹಿತ ಕೈ ಕೊಟ್ಟ' ಎನ್ನುತ್ತೇವೆ. ಇದನ್ನು ಪದಕ್ಕೆ ಪದ ಇಂಗ್ಲಿಷಿಗೆ ತಿರುಗಿಸಿದರೆ ಸ್ನೇಹಿತ ನೆರವಾದ ಎಂದಾಗುತ್ತದೆ. ಅವರಲ್ಲಿ ಕೈ ಕೊಡುವುದೆಂದರೆ ಸಹಾಯ, ನಮ್ಮಲ್ಲಿ ನಡುನೀರಿನಲ್ಲಿ ಬಿಡುವುದು. ಅವರು ಗೌರವಕ್ಕೆ ಟೋಪಿ ತೆಗೆಯುತ್ತಾರೆ, ನಾವು ಮೋಸಕ್ಕೆ ಟೋಪಿ ಹಾಕುತ್ತೇವೆ. 'ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ' ಎಂಬುದನ್ನು ಲಂಡನ್ನಿನವನಿಗೆ ಹಾಗೆಯೇ ಹೇಳಿ ನೋಡಿ, ಡಾಕ್ಟರನ್ನು ಕರೆಸಿಯಾನು! ಹಾಗಿದ್ದೂ ಅವನು ಬೆಂಗಳೂರಿಗೆ ಬಂದು ಈ ಮಾತು ತಿಳಿಯದಿದ್ದರೆ ಅವನನ್ನು ದಡ್ಡನೆಂದು ನಾವು ಅನ್ನುವುದಿಲ್ಲ. ಕುರ್ಚಿ ಕೊಟ್ಟು, ಕಾಫಿ ಕೊಟ್ಟು, ಬಿಡಿಸಿ ಹೇಳುತ್ತೇವೆ. ನಮ್ಮ ಹುಡುಗರಿಗೆ ಆ ಕಾಫಿ ಕೊಡುವವರಿಲ್ಲ.

ಹಾಗಾದರೆ ಕಲಿಯುವುದು ಹೇಗೆ? ಅವೆನ್ಯೂ ರಸ್ತೆಯಲ್ಲಿ ಸಿಗುವ ಗೈಡುಗಳಲ್ಲಿ ಸಾಲಾಗಿ ನುಡಿಗಟ್ಟು, ಎದುರಿಗೆ ಅರ್ಥ ಇರುತ್ತದೆ. ಅದನ್ನು ಬಾಯಿಪಾಠ ಮಾಡಿದವರು ಹದಿನೈದು ದಿನಕ್ಕೆ ಮರೆಯುತ್ತಾರೆ. ನನ್ನ ದಾರಿ ಬೇರೆ. ಆ ಮಾತನ್ನು ಹುಟ್ಟಿಸಿದ ಕಸುಬು ಯಾವುದೆಂದು ಕೇಳಿ. ನಮ್ಮವರು ರೈತರು, 'ಗಾಣದೆತ್ತು' ಎಂದರು, 'ಎತ್ತು ಏರಿಗೆ, ಕೋಣ ನೀರಿಗೆ' ಎಂದರು. ಇಂಗ್ಲಿಷರು ಹಡಗಿನ ಜನ. 'ಟ್ರೂ ಕಲರ್ಸ್' ಎಂದರೆ ಬಣ್ಣದ ಮಾತಲ್ಲ, ಹಡಗಿನ ಬಾವುಟ. ಸಮುದ್ರದಲ್ಲಿ ಸುಳ್ಳು ಬಾವುಟ ಹಾರಿಸಿ ಹತ್ತಿರ ಬಂದು, ಕೊನೆಗಳಿಗೆಯಲ್ಲಿ ನಿಜದ ಬಾವುಟ ಏರಿಸುತ್ತಿದ್ದರು. ಅದನ್ನೇ ನಾವು 'ಬಣ್ಣ ಬಯಲಾಯಿತು' ಎನ್ನುತ್ತೇವೆ. 'ಬೈ ಅಂಡ್ ಲಾರ್ಜ್' ಕೂಡ ಗಾಳಿಗೆ ಹಾಯಿ ಹೊಂದಿಸುವವರ ಮಾತು. ಗಾಳಿ ಎದುರಿಗಿರಲಿ, ಬೆನ್ನಿಗಿರಲಿ, ಒಟ್ಟಿನಲ್ಲಿ ಎಂದರ್ಥ.

ಕ್ರಿಕೆಟ್ಟಿನದು ನಿಮಗೇ ಗೊತ್ತು. ಶಿವರಾಜಕುಮಾರ್ ಅವರ 'ಆನಂದ್', 'ರಥಸಪ್ತಮಿ', 'ಮನ ಮೆಚ್ಚಿದ ಹುಡುಗಿ' ಒಂದರ ಹಿಂದೊಂದು ಗೆದ್ದಾಗ ಜನ ಅವರನ್ನು ಹ್ಯಾಟ್ರಿಕ್ ಹೀರೋ ಎಂದರು. ಅಲ್ಲಿ ಹ್ಯಾಟು ಎಲ್ಲಿಂದ ಬಂತು? 1858ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಎಚ್. ಎಚ್. ಸ್ಟೀಫನ್‌ಸನ್ ಎಂಬ ಬೌಲರ್ ಸತತ ಮೂರು ಎಸೆತಕ್ಕೆ ಮೂರು ವಿಕೆಟ್ ಕಿತ್ತಾಗ, ಹಣ ಕೂಡಿಸಿ ಅವರಿಗೊಂದು ಹ್ಯಾಟು ಕೊಡಿಸಿದರು. ಈ ಕಥೆ ಕೇಳಿದ ಮೇಲೆ ಆ ಮಾತನ್ನು ಯಾರಾದರೂ ಮರೆಯುತ್ತಾರೆಯೇ?

ನನ್ನ ಕಸುಬಿನಿಂದಲೂ ಇಂಗ್ಲಿಷಿಗೆ ಮಾತು ಹೋಗಿದೆ. ನಮ್ಮ ತಂದೆಯ ಕಾಲದಲ್ಲಿ ಸೀಸದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದರು. ಮೊಳೆ ಇಡುವ ಮರದ ಪೆಟ್ಟಿಗೆಗೆ ಕೇಸು ಎನ್ನುವುದು. ಇಂಗ್ಲಿಷಿನ ದೊಡ್ಡಕ್ಷರ ಮೇಲಿನ ಕೇಸಿನಲ್ಲಿ, ಸಣ್ಣಕ್ಷರ ಕೆಳಗಿನದರಲ್ಲಿ. ಇಂದು ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಹಾಕುವಾಗ 'ಅಪ್ಪರ್ ಕೇಸ್' ಎಂದು ಕೇಳುತ್ತದಲ್ಲ, ಅದು ಈ ಮರದ ಪೆಟ್ಟಿಗೆ! ಕನ್ನಡಕ್ಕೆ ದೊಡ್ಡದು ಸಣ್ಣದೆಂಬ ಭೇದವಿಲ್ಲ, ಆದರೆ ಗುಣಿತ, ಒತ್ತಕ್ಷರ ಎಂದು ಮನೆಗಳು ಇನ್ನೂ ಹೆಚ್ಚು ಬೇಕು. ಕಣ್ಣು ಮುಚ್ಚಿ ಅಷ್ಟು ಮನೆಗಳಿಗೂ ಕೈ ಹಾಕುತ್ತಿದ್ದ ಕಂಪೋಸಿಟರುಗಳ ಮುಂದೆ ಇಂಗ್ಲಿಷ್ ಕೇಸು ಮಕ್ಕಳಾಟ. ಇನ್ನು ಜೋಡಿಸಿದ ಪುಟದ ಅಚ್ಚು ತೆಗೆದು, ಸೀಸ ಹೊಯ್ದು, ಇಡೀ ಪುಟವನ್ನು ಒಂದೇ ತಗಡು ಮಾಡಿದರೆ ಅದು ಸ್ಟೀರಿಯೊಟೈಪ್. ಫ್ರೆಂಚರು ಅದಕ್ಕೇ ಕ್ಲೀಷೆ ಎಂದರು. ಒಂದಕ್ಷರ ಬದಲಿಸಲಾಗದೆ ಅದನ್ನೇ ಒತ್ತುತ್ತಾ ಹೋಗುವುದು. 'ಹಳ್ಳಿಯವನೆಂದರೆ ಹೀಗೆ, ಕನ್ನಡದವನೆಂದರೆ ಹೀಗೆ' ಎಂದು ಒಂದೇ ತಗಡು ಒತ್ತುವವರಿಗೆ ಈ ಪದ ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ.

ಅರ್ಥ ತಿಳಿಯದೆ ಪದಕ್ಕೆ ಪದ ಎತ್ತಿ ಕನ್ನಡಕ್ಕೆ ಸುರಿಯುವವರದು ಇನ್ನೊಂದು ಕಾಟ. 'ಮೊಸಳೆ ಕಣ್ಣೀರು', 'ಬಿಳಿಯಾನೆ' ಬಂದವು, ನಮ್ಮವೇ ಆದವು, ತಕರಾರಿಲ್ಲ. ಆದರೆ ಟಿವಿಯಲ್ಲಿ 'ದಿನದ ಕೊನೆಯಲ್ಲಿ ಜನರೇ ತೀರ್ಮಾನಿಸುತ್ತಾರೆ' ಎಂದರೆ ಏನು, ಸಂಜೆ ಆರು ಗಂಟೆಗೋ? 'ಕೊನೆಗೆ ಜನರೇ ತೀರ್ಮಾನಿಸುತ್ತಾರೆ' ಎಂದರೆ ಮುಗಿಯಿತು. ಇಂಗ್ಲಿಷ್ ಸರಿಯಾಗಿ ಬಂದವನು ಈ ಕೆಲಸ ಮಾಡಲಾರ. ಅರೆಬರೆ ಬಂದವನೇ ಮಾಡುವುದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಂದರ್ಶನದ ನುಡಿಗಟ್ಟು ತಪ್ಪಿದರೆ ಒಂದು ಕೆಲಸ ಹೋಗಬಹುದು. ಆದರೆ ಅರ್ಥ ಕೇಳದೆ ನಾವು ರುಜು ಹಾಕುವ ಇಂಗ್ಲಿಷ್ ಸಾಲುಗಳಿವೆ, ಅವು ದಿನಾ ಜೇಬು ಕತ್ತರಿಸುತ್ತವೆ. ನಮ್ಮ ಪ್ರೆಸ್ಸಿಗೆ ಒಂದು ಮಳೆಗಾಲದಲ್ಲಿ ಲಾರಿಯಲ್ಲಿ ಹನ್ನೆರಡು ರೀಮು ಕಾಗದ ಬಂತು. ಎಸ್ಸೆಸ್ಸೆಲ್ಸಿ ಓದಿದ ಹುಡುಗ ಚಲನ್‌ಗೆ ರುಜು ಹಾಕಿದ. ಬಿಚ್ಚಿದರೆ ಅರ್ಧಕ್ಕರ್ಧ ನೆನೆದಿತ್ತು. ಕೇಳಿದರೆ ಸಾಗಣೆಯವರು ರುಜುವಿನ ಮೇಲಿದ್ದ ಸಾಲು ತೋರಿಸಿದರು: 'ರಿಸೀವ್ಡ್ ಇನ್ ಗುಡ್ ಕಂಡಿಶನ್'. ಸರಕು ಸುಸ್ಥಿತಿಯಲ್ಲಿ ತಲುಪಿದೆ ಎಂದು ಅವನೇ ಬರೆದುಕೊಟ್ಟಂತಾಯಿತು. ನಾಲ್ಕು ಪದಗಳೂ ಅವನಿಗೆ ಗೊತ್ತಿದ್ದವು! ಆ ನಾಲ್ಕು ಪದ ಸೇರಿದರೆ ಕರಾರು ಆಗುತ್ತದೆಂದು ಯಾವ ಶಾಲೆಯೂ ಅವನಿಗೆ ಹೇಳಿರಲಿಲ್ಲ.

ಬಿಲ್ಲಿನ ಕೆಳಗೆ ಇರುವೆ ಗಾತ್ರದಲ್ಲಿ 'ಇ. ಅಂಡ್ ಓ. ಇ.' ಎಂದಿರುತ್ತದೆ. 'ಎರರ್ಸ್ ಅಂಡ್ ಒಮಿಷನ್ಸ್ ಎಕ್ಸೆಪ್ಟೆಡ್'. ತಪ್ಪೋ ಬಿಟ್ಟುಹೋದದ್ದೋ ಇದ್ದರೆ ಆಮೇಲೆ ತಿದ್ದಿ ಕೇಳುವ ಹಕ್ಕು ಅಂಗಡಿಯವನಿಗುಂಟು ಎಂದರ್ಥ. ಹರಾಜಿನಲ್ಲಿ ಹಳೆ ಗಾಡಿ ಕೊಳ್ಳುವಾಗ 'ಆ್ಯಸ್ ಈಸ್, ವೇರ್ ಈಸ್' ಎಂದಿದ್ದರೆ, ಇದ್ದ ಜಾಗದಲ್ಲಿ ಇದ್ದ ಸ್ಥಿತಿಯಲ್ಲಿ ತೆಗೆದುಕೊ, ನಾಳೆ ಇಂಜಿನ್ ಕೆಟ್ಟರೆ ನನ್ನ ಮನೆ ಬಾಗಿಲಿಗೆ ಬರಬೇಡ ಎಂದರ್ಥ. 'ಒಮ್ಮೆ ಮಾರಿದ ಮಾಲು ವಾಪಸು ಪಡೆಯುವುದಿಲ್ಲ' ಎಂಬ ಇಂಗ್ಲಿಷ್ ಸಾಲನ್ನು ನಾನೇ ಎಷ್ಟೋ ಬಿಲ್‌ಬುಕ್ಕಿಗೆ ಅಚ್ಚು ಹಾಕಿದ್ದೇನೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಏನನ್ನುತ್ತದೆ? ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಹೇಳದಿದ್ದರೆ 30 ದಿನದೊಳಗೆ, ವಾಪಸು ಪಡೆದು ಹಣ ಕೊಡಲು ಒಪ್ಪದಿದ್ದರೆ ಅದು ಅನುಚಿತ ವ್ಯಾಪಾರ. 'ಸಬ್ಜೆಕ್ಟ್ ಟು ಬೆಂಗಳೂರು ಜ್ಯೂರಿಸ್‌ಡಿಕ್ಷನ್' ಎಂಬ ಸಾಲು ನೋಡಿ ರಾಯಚೂರಿನ ಗ್ರಾಹಕ ಸುಮ್ಮನಾಗುತ್ತಾನೆ. ಅದೇ ಕಾಯ್ದೆ, ತಾನು ವಾಸವಿರುವ ಊರಿನ ಗ್ರಾಹಕ ಆಯೋಗದಲ್ಲೇ ದೂರು ಕೊಡಲು ಅವನಿಗೆ ಅವಕಾಶ ಕೊಟ್ಟಿದೆ.

ನಾವು ಹೋರಾಡಿದೆವು, 2024ರ ತಿದ್ದುಪಡಿಯಿಂದ ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಎಂಬುದು ಕಾನೂನಾಯಿತು. ಸಂತೋಷ. ಆದರೆ ಬೋರ್ಡು ಕನ್ನಡ, ಒಳಗೆ ಬಿಲ್ಲು ಇಂಗ್ಲಿಷ್! ಗಿರಾಕಿಯನ್ನು ಕರೆಯಲು ಕನ್ನಡ, ಕಟ್ಟಿಹಾಕಲು ಇಂಗ್ಲಿಷ್. ನಾನು ನಮ್ಮ ಗಿರಾಕಿಗಳಿಗೆ ಹೇಳುತ್ತೇನೆ, ಷರತ್ತನ್ನು ಕನ್ನಡದಲ್ಲೂ ಹಾಕಿಸಿ, ಅದಕ್ಕೆ ಬೇರೆ ಚಾರ್ಜಿಲ್ಲ ಎಂದು. ಕೆಲವರು ಒಪ್ಪುತ್ತಾರೆ. ಕೆಲವರು 'ಕನ್ನಡದಲ್ಲಿ ಹಾಕಿದರೆ ಎಲ್ಲರೂ ಓದಿಬಿಡುತ್ತಾರಲ್ಲ' ಎಂದು ನಕ್ಕು ಹೋಗುತ್ತಾರೆ. ಆ ನಗು ನೀವೊಮ್ಮೆ ನೋಡಬೇಕು.

ಮುಂದಿನ ತಿಂಗಳ ಸಭೆಗೆ ಬರುವಾಗ ಒಬ್ಬೊಬ್ಬರೂ ಒಂದು ಬಿಲ್ಲೋ, ಚಲನ್ನೋ, ಸಾಲದ ಅರ್ಜಿಯೋ, ಕೆಲಸಕ್ಕೆ ಸೇರಿದ ಪತ್ರವೋ ತನ್ನಿ. ಹಿಂಬದಿಯ ಸಣ್ಣಕ್ಷರವನ್ನು ಸಾಲು ಸಾಲಾಗಿ ಓದಿ, ಪಕ್ಕದಲ್ಲೇ ಕನ್ನಡ ಬರೆಯೋಣ. ತಿಳಿಯದ ಸಾಲಿದ್ದರೆ ನಮ್ಮ ಬಳಗದ ವಕೀಲರನ್ನು ಕೇಳೋಣ. ಅಚ್ಚಿನ ಖರ್ಚು ನನ್ನದು. ಭೂತಗನ್ನಡಿಯನ್ನೂ ನಾನೇ ತರುತ್ತೇನೆ.